ಬಾವುಟಕ್ಕೆ ಹಾಕಿದ ಕರುವಿನ ಗಂಟು

ನಾನು ಚಿಕ್ಕವಳಿದ್ದಾಗ ಒಂದೇ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ‘ಆ ಗಂಟು ಹಾಕಿದ್ದು ನಾನು’ ಎಂದಿದ್ದರೆ ಸಾಕಿತ್ತು, ಮಕ್ಕಳೇ.

ಆಗ ನಾವು ಕೆಂಗೇರಿ ಪಕ್ಕದ ಒಂದು ದೊಡ್ಡ ಮನೆಯ ಕೊಟ್ಟಿಗೆಯಲ್ಲಿದ್ದೆವು. ಆ ಮನೆಯ ಯಜಮಾನರು ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿ ಬಂದವರು, ಆಮೇಲೆ ಮಂತ್ರಿಯೂ ಆಗಿದ್ದವರು. ಅಪ್ಪ ಅವರ ಜೀತದಾಳು. ಜೀತ ಅಂದರೆ ಸಂಬಳವಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ. ಸರ್ಕಾರ ಜೀತವನ್ನು ತೆಗೆದುಹಾಕಿ ವರ್ಷಗಳೇ ಆಗಿದ್ದವು. ಯಾರಾದರೂ ಕೇಳಿದರೆ ಯಜಮಾನರು, “ಇವರೆಲ್ಲ ನಮ್ಮನೆ ಮಕ್ಕಳಿದ್ದಂಗೆ” ಎಂದು ನಗುತ್ತಿದ್ದರು. ಆ ಮನೆಯ ಮಕ್ಕಳು ಬೆಳ್ಳಿ ಲೋಟದಲ್ಲಿ ಹಾಲು ಕುಡಿಯುತ್ತಿದ್ದರು. ನಮಗೆ ಹಿತ್ತಿಲಲ್ಲಿ ತೆಂಗಿನ ಚಿಪ್ಪಿಗೆ ಮೇಲಿನಿಂದ ಕಾಫಿ ಸುರಿಯುತ್ತಿದ್ದರು.

ಊರಿನ ಮೇಷ್ಟ್ರು ಬಹಳ ಕೇಳಿಕೊಂಡ ಮೇಲೆ, ಸೋಮವಾರದಿಂದ ಅಕ್ಕನನ್ನು ಶಾಲೆಗೆ ಕಳಿಸಲು ಯಜಮಾನರು ಒಪ್ಪಿದ್ದರು. ಅಕ್ಕ ಹುಲ್ಲಿನ ಮೆದೆಯಲ್ಲಿ ಸ್ಲೇಟು ಬಚ್ಚಿಟ್ಟು, ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದಳು.

ಅದರ ನಡುವೆ ಆಗಸ್ಟ್ ಹದಿನೈದು ಬಂತು. ಬೆಳಿಗ್ಗೆ ಅಕ್ಕ ಯಜಮಾನರ ಗಂಜಿ ಹಾಕಿದ ಖಾದಿ ಜುಬ್ಬಕ್ಕೆ ಇದ್ದಿಲ ಇಸ್ತ್ರಿ ಉಜ್ಜುತ್ತಿದ್ದಳು. “ಲೇ, ಈ ಬಾವುಟಕ್ಕೆ ಹೂವು ತುಂಬಿ ಕಟ್ಟೇ, ನನ್ನ ಕೈಗೆ ಬಿಡುವಿಲ್ಲ” ಎಂದಳು. ನಾನು ಸೇವಂತಿಗೆ ಎಸಳು ತುಂಬಿ ಮಡಿಸಿದೆ. ಎಳೆದರೆ ಬಿಚ್ಚುವ ಗಂಟು ನನಗೆ ಗೊತ್ತಿರಲಿಲ್ಲ. ಬರುತ್ತಿದ್ದದ್ದು ಕರು ಕಟ್ಟುವ ಗಂಟೊಂದೇ, ಜಗ್ಗಿದಷ್ಟೂ ಬಿಗಿಯಾಗುವಂಥದ್ದು.

ಮನೆ ಮುಂದಿನ ಕಂಬದ ಸುತ್ತ ಜನ ಸೇರಿದ ಮೇಲೆ ಯಜಮಾನರು ಹಗ್ಗ ಜಗ್ಗಿದರು, ಮತ್ತೆ ಜಗ್ಗಿದರು. ಬಾವುಟ ಕಂಬದ ತುದಿಯಲ್ಲಿ ಮೂಟೆಯ ಹಾಗೆ ನೇತಾಡಿತು.

“ಸಾರ್, ಬಾವುಟ ಇನ್ನೂ ಜೈಲಲ್ಲೇ ಐತೆ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಯಜಮಾನರೂ ನಕ್ಕು, ಇನ್ನು ಈ ದೇಶದಲ್ಲಿ ಯಾರೂ ಯಾರ ಆಳೂ ಅಲ್ಲ ಎಂದು ಭಾಷಣ ಮಾಡಿದರು.

ಜನ ಕೇಸರಿಬಾತ್ ತಿಂದು ಹೋದ ಮೇಲೆ ಅವರು ಕೊಟ್ಟಿಗೆಗೆ ಬಂದರು. “ಯಾವಳೇ ಕಟ್ಟಿದ್ದು?”

ಅಕ್ಕ ನನ್ನನ್ನು ನೋಡಿದಳು. ನಾನು ಅವಳ ಕಡೆ ಬೆರಳು ತೋರಿಸಿದೆ. ಅವಳು ಇಲ್ಲ ಅನ್ನಲಿಲ್ಲ.

“ಗಂಟು ಹಾಕಕ್ಕೆ ಬರದವಳಿಗೆ ಸ್ಕೂಲು ಬೇರೆ ಕೇಡು!” ಎಂದು ಅಪ್ಪನ ಮೇಲೆ ಹಗ್ಗ ಎಸೆದರು. “ಗೂಟಕ್ಕೆ ಕಟ್ಟಯ್ಯ ಇವಳನ್ನ. ಹೆಂಗೆ ಕಟ್ಟಬೇಕು ಅಂತ ಕಲೀಲಿ.”

ಅಪ್ಪ ಹಗ್ಗ ಎತ್ತಿಕೊಂಡರು. ಅಕ್ಕನ ಕೈಗಳನ್ನು ಗೂಟಕ್ಕೆ ಕಟ್ಟಿದರು. ಸಂಜೆಯವರೆಗೂ ಅಕ್ಕ ಕರುವಿನ ಪಕ್ಕ ಸಗಣಿಯಲ್ಲಿ ಕೂತಿದ್ದಳು. ಮಣಿಕಟ್ಟಿನ ಚರ್ಮ ಕಿತ್ತು ನೊಣ ಮುತ್ತಿದ್ದವು. ನಾನು ಬಾಗಿಲ ಹಿಂದೆ ನಿಂತು ಮಿಕ್ಕ ಕೇಸರಿಬಾತ್ ತಿಂದೆ. ತುಪ್ಪದ ಘಮ ಇನ್ನೂ ನೆನಪಿದೆ.

ಮೇಷ್ಟ್ರಿಗೆ ಮಾತು ಕೊಟ್ಟಾಗಿತ್ತಲ್ಲ, “ಚಿಕ್ಕದನ್ನ ಕಳಿಸು” ಎಂದರು ಯಜಮಾನರು. ಅಕ್ಕನ ಸ್ಲೇಟು ಹಿಡಿದು ನಾಲ್ಕನೇ ಕ್ಲಾಸಿನವರೆಗೆ ಹೋದವಳು ನಾನು. ಅವಳಿಗೆ ಇವತ್ತಿಗೂ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ.

ನಿಮ್ಮನ್ನು ಕರೆದೊಯ್ಯಲು ಶಾಲೆಯ ವ್ಯಾನು ಬಾಗಿಲಿಗೇ ಬರುತ್ತದೆ. ಮೊನ್ನೆ ನೀವು ಅಂಗಿಗೆ ಕಾಗದದ ಬಾವುಟ ಚುಚ್ಚಿಕೊಂಡು ಬಂದು, ನನ್ನ ಅಕ್ಕನ ಕೈ ಹಿಡಿದು, “ದೊಡ್ಡಜ್ಜಿ, ಇದೇನು ಕಲೆ?” ಎಂದಿರಿ.

“ಕರು ಜಗ್ಗಿದ್ದು ಕಣ್ರಪ್ಪಾ” ಎಂದಳು ಅವಳು.

ನಾನು ಅವಳ ಕಾಲ ಬಳಿ ಕೂತು ನಿಮ್ಮೆದುರಿಗೇ ಹೇಳಿದೆ: “ಕರು ಅಲ್ಲ ಕಣಕ್ಕ, ನಾನು. ತಪ್ಪಾಯ್ತು.”