ಬೆಣೆ ಹೊಡೆದ ಮೂತಿ

ಕೊಪ್ಪಕ್ಕೆ ಹೊರಟು ಅಂಗಳದಿಂದ ತೆಗೆಯುವಾಗಲೇ ನನ್ನ ಹಳೆಯ ಡೀಸೆಲ್ ಕಾರಿನ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿತ್ತು. ಇಂಜಿನ್ ಚಾಲೂ ಇಟ್ಟೇ ಬಾನೆಟ್ ಎತ್ತಿದೆ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪಿನ ಹತ್ತಿರ ಸಣ್ಣ ಮೂತಿಯೊಂದು ಬುಸುಗುಟ್ಟುತ್ತ ಗಾಳಿ ಎಳೆಯುತ್ತಿತ್ತು. ಅದರ ರಬ್ಬರ್ ಪೈಪನ್ನು ಇಲಿ ತಿಂದಿತ್ತು. ಅದು ಎಲ್ಲಿಗೆ ಹೋಗುವ ಪೈಪೆಂದು ನನಗೂ ಗೊತ್ತಿರಲಿಲ್ಲ, ಮೆಣಸೆಯಿಂದ ಬಂದಿದ್ದ ಭಾವನಿಗೂ ಗೊತ್ತಿರಲಿಲ್ಲ.

ನಾವು ಗುಡ್ಡದ ನೀರನ್ನು ಪೈಪಿನಲ್ಲಿ ಮನೆಗೆ ಇಳಿಸಿಕೊಳ್ಳುವ ಜನ. ಲೈನು ಗಾಳಿ ಎಳೆದರೆ ತೆರೆದ ಬಾಯಿಗೆ ಬೆಣೆ ಹೊಡೆಯುತ್ತೇವೆಯೇ ಹೊರತು ಆ ಬಾಯಿ ಯಾಕಿದೆಯೆಂದು ಕೇಳುವುದಿಲ್ಲ.

"ಯೋಚನೆ ಎಂತಕ್ಕೆ ಮಾರಾಯ, ಬೆಣೆ ಹೊಡಿ" ಎಂದ ಭಾವ.

ಅಡಿಕೆ ಮರದ ದಬ್ಬೆಯ ಚೂರೊಂದನ್ನು ಕೆತ್ತಿ ಹೊಡೆದೆ. ಬುಸುಗುಟ್ಟುವುದು ನಿಂತು ಬ್ರೇಕ್ ಮೊದಲಿನಂತಾಯಿತು.

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ ಕೀ ತಿರುಗಿಸಿ ತೆಗೆದೆ. ಕೀ ಕೈಗೆ ಬಂತು, ಇಂಜಿನ್ ಮಾತ್ರ ಓಡುತ್ತಲೇ ಇತ್ತು. ಕೀ ತಿರುಗಿಸಿದಾಗ ಗಾಳಿ ಎಳೆದು ಅದನ್ನು ನಿಲ್ಲಿಸುವ ಪೈಪಿನ ಮೂತಿಗೇ ನಾವು ಬೆಣೆ ಹೊಡೆದಿದ್ದೆವು! ಸುತ್ತ ಜನ ಸೇರತೊಡಗಿದರು. ಸಿಟ್ಟಿನಿಂದ ನಾಲ್ಕನೇ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟೆ. ಕಾರು ಒಮ್ಮೆ ಮೈ ಕೊಡವಿ ಸುಮ್ಮನಾಯಿತು.

ಭಾವನಿಗೆ ಬೈಯಲು ತಿರುಗಿದೆ. ಅವನೇ ಮೊದಲು ಬಾಯಿ ತೆಗೆದ.

"ನೋಡು, ಬೆಣೆ ಹೊಡೆದದ್ದಕ್ಕೆ ಬ್ರೇಕಾದ್ರೂ ಇತ್ತು."