ಲಾಂಡ್ರಿಯವನ ಆಲ್ಬಮ್ಮಿನ ಎರಡನೇ ದನಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಬೆಡ್‌ಶೀಟ್ ಮಡಿಸಿದವನು ಹಾಡುಗಾರನಾಗುತ್ತೇನೆ ಎಂದರೆ ಯಾರು ತಾನೇ ನಗುವುದಿಲ್ಲ? ಒಡಹುಟ್ಟಿದವರೇ ನಕ್ಕರು. ಅವನಿಗೆ ಗುರುವಿಲ್ಲ, ಪಾಠವಿಲ್ಲ. ರೇಡಿಯೋದಲ್ಲಿ ಕೇಳಿದ ಅಮೆರಿಕದ ‘ಸೋಲ್’ ಸಂಗೀತವೇ ಇದ್ದ ಬಂಡವಾಳ. ಹೆಂಡತಿ ತೀರಿಕೊಂಡ ಮರುವರ್ಷ ಮನೆಯ ಮೇಜಿನ ಮೇಲೆ ಮೈಕ್ ಇಟ್ಟುಕೊಂಡು ಒಬ್ಬನೇ ಒಂಬತ್ತು ಹಾಡು ಹಾಡಿದ. ಮಗಳು ಅವನ್ನು ಸೇರಿಸಿ ಆಲ್ಬಮ್ ಮಾಡಿದಳು.

ದೊಡ್ಡ ಶೀಟು ಮಡಿಸಲು ಇಬ್ಬರು ಬೇಕು. ಆಚೆ ತುದಿ ಹಿಡಿಯುತ್ತಿದ್ದವಳು ಅದೇ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಹೆಂಡತಿಯೇ. ಇವನು ಒಂದು ಸಾಲು ಗುನುಗಿ ಸುಮ್ಮನಾಗುವನು. ಅವಳು ನಡೆದು ಬಂದು ತನ್ನ ತುದಿಯನ್ನು ಇವನ ಕೈಗಿಟ್ಟ ಮೇಲೆ ಮುಂದಿನ ಸಾಲು. ಹುಟ್ಟುಗುಣದಂತೆ ಅಂಟಿದ ಈ ಅಭ್ಯಾಸದಿಂದ ಆಲ್ಬಮ್ಮಿನಲ್ಲೂ ಸಾಲುಸಾಲಿನ ನಡುವೆ ಒಂದು ಖಾಲಿ ಜಾಗ ಉಳಿದಿತ್ತು. ಬಲ್ಲವರು ತಪ್ಪು ಹಿಡಿಯುತ್ತಾರೆಂದು ಹೆದರಿದ್ದ.

ಭಾನುವಾರ ಮಧ್ಯಾಹ್ನ ಮಗಳು ಪತ್ರಿಕೆಯಲ್ಲಿ ಬಂದ ವಿಮರ್ಶೆ ಓದಿದಳು. "ಸಾಲು ಮುಗಿದಲ್ಲೆಲ್ಲ ಹಿಂದಿನಿಂದ ಒಂದು ಹೆಣ್ಣುದನಿ ಬರುತ್ತದೆ. ಅದೇ ಈ ಆಲ್ಬಮ್ಮಿನ ಜೀವ. ಆಕೆಯ ಹೆಸರನ್ನೇ ಹಾಕದಿರುವುದು ಅನ್ಯಾಯ." ಇನ್ನೊಂದು ಪತ್ರಿಕೆಯೂ ಅದನ್ನೇ ಬರೆದಿತ್ತು.

ಅವನಿಗೆ ಪಿತ್ತ ನೆತ್ತಿಗೇರಿತು. "ಯಾವ ಹೆಂಗಸು? ಹಾಡಿದ್ದು ನಾನೊಬ್ನೇ!"

"ನಂಗೂ ಕೇಳ್ಸಿತ್ತಪ್ಪ. ಅಮ್ಮನ ದನಿ. ಯಾವ್ದೋ ಹಳೇ ಟೇಪಿಂದ ನೀನೇ ಸೇರ್ಸಿದೀಯ ಅಂದ್ಕೊಂಡು ಸುಮ್ನಿದ್ದೆ."

"ಅವಳ ಟೇಪ್ ನನ್ನತ್ರ ಒಂದೂ ಇಲ್ವಲ್ಲೇ."

ಅವನು ಹೆಡ್‌ಫೋನ್ ಹಾಕಿಕೊಂಡು ಒಂಬತ್ತೂ ಹಾಡು ಕೇಳಿದ. ಮೂವತ್ತು ವರ್ಷ ಕೇಳಿದ ಲಾಂಡ್ರಿ ಯಂತ್ರಗಳ ಸದ್ದು ಸಣ್ಣ ದನಿಗಳನ್ನೆಲ್ಲ ಕಿವಿಯಿಂದ ಕಿತ್ತುಕೊಂಡಿತ್ತು. ಊರಿಗೆಲ್ಲ ಕೇಳಿಸುವ ಹೆಂಡತಿ ಗಂಡನೊಬ್ಬನಿಗೆ ಕೇಳಿಸಲಿಲ್ಲ. ಅವನು ಮಗುವಿನಂತೆ ಅತ್ತುಬಿಟ್ಟ.

"ಏನಂತಾಳೆ?" ಎಂದ, ಕಣ್ಣೊರೆಸಿಕೊಂಡು.

"ಮಾತಿಲ್ಲಪ್ಪ, ಬರೀ ರಾಗ. ಮೊದಲನೇ ಹಾಡಲ್ಲಿ ತುಂಬಾ ದೂರ ಇದಾಳೆ. ಹಾಡಿಂದ ಹಾಡಿಗೆ ಹತ್ರ ಬರ್ತಾಳೆ."

"ಕೊನೇದ್ರಲ್ಲಿ?"

"ನಮ್ಮ ಬಾಗಿಲ ಹತ್ರ," ಎಂದಳು ಮಗಳು.

ಅವನು ಮೈಕನ್ನು ಹತ್ತಿರ ಎಳೆದುಕೊಂಡ. "ಹತ್ತನೇದು ಹಾಡ್ತೀನಿ. ನಂಗೆ ಕೇಳ್ಸಲ್ಲ. ನೀನು ಕೇಳ್ಸ್ಕೊಂಡು ಹೇಳು."

"ಬೇಡಪ್ಪ, ಭಯ ಆಗತ್ತೆ."

"ನಿಮ್ಮಮ್ಮಂಗೆ ಭಯ ಪಡ್ತೀಯೇನೇ?"

ಅವಳು ಹೆಡ್‌ಫೋನ್ ಏರಿಸಿಕೊಂಡು ಮೇಜಿನ ಪಕ್ಕ ನಿಂತಳು. ಅವನು ಒಂದು ಸಾಲು ಹಾಡಿ, ಎಂದಿನಂತೆ ಸುಮ್ಮನಾದ. ಕಿವಿಗೇನೂ ಬೀಳಲಿಲ್ಲ. ಮಗಳ ಮುಖವನ್ನೇ ನೋಡುತ್ತ ಕಾದ.

ಮಗಳು ಹಿಂದೆ ಸರಿದು ಗೋಡೆಗೆ ಒತ್ತಿ ನಿಂತಳು, ಯಾರೋ ಹಾದುಹೋಗಲು ದಾರಿ ಬಿಡುವಂತೆ.