ದೇವರಾಜನ್ ವಾ ಪೆಡಲ್ ಬಿಚ್ಚಿದ್ಯಾರು?

ಮೂರು ಜನ ಗಿಟಾರ್ ನುಡಿಸೋರು, ಮೂರೂ ಜನ "ಸೂಪರ್" ಅಂದ್ರೆ ಯಾರಿಗಾದ್ರೂ ಖುಷಿ ಆಗ್ಬೇಕು ತಾನೆ? ತಿರುಪ್ಪೂರಿನ ದೇವರಾಜನ್‌ಗೆ ಮಾತ್ರ ಡೌಟ್ ಬಂತು.

ಅದೂ ಸಣ್ಣ ಡೌಟಲ್ಲ. ಬೆಳಗ್ಗೆ ಕಾಫಿ ಜೊತೆ ಶುರುವಾಗಿ, ಬನಿಯನ್ ಕಂಪನೀಲಿ ಮಿಷನ್ ರಿಪೇರಿ ಮಾಡ್ತಾ ಮಾಡ್ತಾ ದೊಡ್ಡದಾಗಿ, ಸಂಜೆ ಮನೆಗೆ ಬರೋ ಹೊತ್ತಿಗೆ ಅವರಿಗಿಂತ ಮುಂಚೆ ಬಾಗಿಲಲ್ಲಿ ಕೂತಿರೋ ಡೌಟು.

"ಮೂರು ಜನಕ್ಕೂ ಒಂದೇ ಪದ ಹೆಂಗೆ ಬರತ್ತೆ ಚಂದ್ರಾ? ಸೇರ್ಕೊಂಡು ಮಾತಾಡ್ಕೊಂಡಿದಾರೆ."

"ಚೆನ್ನಾಗಿದ್ದಿದ್ದಕ್ಕೆ ಸೂಪರ್ ಅಂದಿರ್ತಾರೆ," ಅಂದ್ರು ಹೆಂಡತಿ ಚಂದ್ರಾ, ಬೀನ್ಸ್ ನಾರು ತೆಗೀತಾ.

"ಅಷ್ಟು ಚೆನ್ನಾಗಿದೆ ಅಂತ ನಿನಗೆ ಅನ್ಸತ್ತಾ?"

ಚಂದ್ರಾ ಇನ್ನೊಂದು ಬೀನ್ಸ್ ಎತ್ಕೊಂಡ್ರು. ಅದೂ ಡೌಟ್ ಲಿಸ್ಟಿಗೆ ಸೇರ್ತು.

ದೇವರಾಜನ್ ಹುಟ್ಟಿದ್ದು ಕಾರಮಡೈನಲ್ಲಿ, ಮಗ್ಗದ ಮನೇಲಿ. ಅಪ್ಪ ಕುಳಿ ಮಗ್ಗದಲ್ಲಿ ಕೂತು ದಿನವೆಲ್ಲ ಕಾಲಡಿಯ ಮೆಟ್ಟುಹಲಗೆ ತುಳೀತಿದ್ರು. ಮನೇಲಿ ಕನ್ನಡ, ಹೊಸಿಲು ದಾಟಿದ್ರೆ ತಮಿಳು. ಕನ್ನಡ ಅಕ್ಷರ ಇವತ್ತಿಗೂ ಅವರಿಗೆ ಬಾಗಿಲ ಮುಂದಿನ ಕೋಲಂ ಚುಕ್ಕಿ ಥರಾನೇ ಕಾಣೋದು, ಓದಕ್ಕೆ ಬರಲ್ಲ. ಹತ್ತೊಂಬತ್ತಕ್ಕೆ ತಿರುಪ್ಪೂರಿಗೆ ಬಂದು ಹೊಲಿಗೆ ಮಿಷನ್ ಮೆಕ್ಯಾನಿಕ್ ಆದ್ರು. ಭಾನುವಾರ ಮದುವೆ ಆರ್ಕೆಸ್ಟ್ರಾಗಳಲ್ಲಿ ಹಿಂದಿನ ಸಾಲಲ್ಲಿ ನಿಂತು ಗಿಟಾರ್ ನುಡಿಸೋರು. ಯಾರೂ ನೋಡದ ಗಿಟಾರು ಅದು. ಹಾಡೋರ ಹಿಂದೆ, ಡ್ರಮ್ಸ್ ಪಕ್ಕ, ಸೀರಿಯಲ್ ಲೈಟ್ ಕೆಳಗೆ. ಈಗ ಐವತ್ನಾಲ್ಕು ವಯಸ್ಸು, ಸ್ಟೇಜ್ ಬಿಟ್ಟು ಎಂಟು ವರ್ಷ. ಆದ್ರೆ ಈ ಕಡೆ ಯಾರ ಆಂಪ್ಲಿಫೈಯರ್ ಕೆಟ್ರೂ ಅವರ ಮನೆಗೇ ಬರೋದು.

ಹೋದ ವರ್ಷ ಅವರಿಗೆ ಒಂದು ಹುಚ್ಚು ಹತ್ತಿತು: ಸ್ವಂತಕ್ಕೆ ಒಂದು ವಾ ಪೆಡಲ್ ಮಾಡ್ಬೇಕು, ಅದರ ಮೇಲೆ ತನ್ನ ಹೆಸರಿರ್ಬೇಕು.

ವಾ ಪೆಡಲ್ ಅಂದ್ರೆ ಗಿಟಾರಿಗೆ ಬಾಯಿ ಕೊಡೋ ಡಬ್ಬ, ಅಷ್ಟೇ. ನೆಲದ ಮೇಲಿಟ್ಟು ಕಾಲಲ್ಲಿ ಆಡಿಸೋದು. ಮುಂಗಾಲು ಒತ್ತಿದ್ರೆ ಸದ್ದು 'ವಾ' ಅಂತ ಬಾಯಿ ತೆರೆಯತ್ತೆ, ಹಿಮ್ಮಡಿ ಒತ್ತಿದ್ರೆ 'ಊ' ಅಂತ ತುಟಿ ಮುಚ್ಚತ್ತೆ, ನಡುವೆ ಎಲ್ಲಾದ್ರೂ ನಿಲ್ಲಿಸಿದ್ರೆ ಮೂಗಲ್ಲಿ ಹಾಡಿದ ಹಾಗಿರತ್ತೆ. ದೇವರಾಜನ್ ಇದನ್ನ ಗುಜರಿಯಿಂದ ತಂದ ಹೊಲಿಗೆ ಮಿಷನ್ನಿನ ಕಬ್ಬಿಣದ ಪೆಡಲ್ಲಲ್ಲೇ ಮಾಡಿದ್ರು! ಒಳಗಿನ ತಾಮ್ರದ ಕಾಯಿಲನ್ನ ದಾರದ ಬಾಬಿನ್ ಸುತ್ತೋ ಮಿಷನ್ನಲ್ಲೇ ಸುತ್ತಿದ್ರು. ಸದ್ದಿನ ಗುಟ್ಟೇ ಅದು, ಎಷ್ಟು ಸುತ್ತು ಅಂತ ಹೆಂಡತಿಗೂ ಹೇಳಿಲ್ಲ. ಆಮೇಲೆ ಅವರ ಪ್ರಾಣ ಅನ್ನೋ ಥರದ ಒಂದು ಸ್ಪ್ರಿಂಗು. ಕಾಲೆತ್ತಿದ್ರೆ ಪೆಡಲ್ಲು ಟಕ್ ಅಂತ ತಾನೇ ಮೇಲೆ ಬರ್ಬೇಕು. ಹೊಲಿಗೆ ಮಿಷನ್ನಲ್ಲಿ ಹಾಗೆ ಬರದಿದ್ರೆ ಟೈಲರ್ ಬೆರಳಿಗೆ ಸೂಜಿ. ಮೂವತ್ತೈದು ವರ್ಷದಿಂದ ಅವರು ಕಂಪನೀಲಿ ಮೊದಲು ಚೆಕ್ ಮಾಡೋದೇ ಇದು. ಮೇಲೆ ಬರದ ಪೆಡಲ್ಲು ಅವರ ಲೆಕ್ಕದಲ್ಲಿ ಕೆಟ್ಟ ಪೆಡಲ್ಲು.

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ತಿರುಮಲೈಸಾಮಿ ಅಂತ ಒಬ್ಬರದ್ದು ಮ್ಯೂಸಿಕ್ ಅಂಗಡಿ. "ಗಾಜಿನ ಶೆಲ್ಫಲ್ಲಿ ಇಡ್ತೀನಿ," ಅಂದ್ರು ಅವರು. "ಆದ್ರೆ ಮೂರು ಪ್ಲೇಯರ್ಸ್ ನುಡಿಸಿ ನೋಡಿ ಅಭಿಪ್ರಾಯ ಬರೆದು ಕೊಡ್ಬೇಕು. ಕಾರ್ಡಲ್ಲಿ ಬರೆದು ಪಕ್ಕದಲ್ಲಿಡೋಣ. ಹೆಸರಿಲ್ಲದ ಪೆಡಲ್ಲನ್ನ ಯಾರ್ರೀ ಮುಟ್ತಾರೆ? ಇವತ್ತಿಂದ ಐದನೇ ಸೋಮವಾರದೊಳಗೆ ತನ್ನಿ, ಇಲ್ದಿದ್ರೆ ಆ ಜಾಗ ಕೀಬೋರ್ಡಿಗೆ."

ಹಿಂದಿನ ಸಾಲಲ್ಲಿ ನಿಂತವರಿಗೆ ಗಾಜಿನ ಶೆಲ್ಫು! ಆವತ್ತು ಬಸ್ಸಲ್ಲಿ ಸೀಟ್ ಖಾಲಿ ಇದ್ರೂ ದೇವರಾಜನ್ ನಿಂತ್ಕೊಂಡೇ ವಾಪಸ್ ಬಂದ್ರು.

ಪೆಡಲ್ಲು ಮೊದಲು ಹೋಗಿದ್ದು ಆರ್ಕೆಸ್ಟ್ರಾದ ಸರವಣಕುಮಾರ್ ಹತ್ರ. ಆಮೇಲೆ ಕಾರಮಡೈನಲ್ಲಿ ಗಿಟಾರ್ ಕಲಿಸೋ ಸೋಮಸುಂದರಂ, ಅವರ ಹಳೇ ದೋಸ್ತು. ಕೊನೆಗೆ ಕೊಯಮತ್ತೂರಲ್ಲಿ ಓದ್ತಾ ಕಾಲೇಜ್ ಬ್ಯಾಂಡಲ್ಲಿ ಲೀಡ್ ನುಡಿಸೋ ಇಂದುಜಾ. ಮೂವರೂ ಮನೇಲಿ ಕನ್ನಡ ಮಾತಾಡೋರೇ. ಒಬ್ಬೊಬ್ಬರ ಹತ್ರ ಒಂದೊಂದು ವಾರ. ತಮಿಳಲ್ಲಿ ಬರೆದ ಮೂರು ಕಾರ್ಡ್ ಬಂತು. ಸೂಪರ್. ಸೂಪರ್. ಸೂಪರ್, ಪಕ್ಕದಲ್ಲಿ ಒಂದು ಹಾರ್ಟು.

"ತಪ್ಪೇ ಇಲ್ದಿರೋ ಪೀಸು ಇರತ್ತಾ?" ಅಂತ ಶನಿವಾರ ದೇವರಾಜನ್ ಮತ್ತೆ ಶುರು ಮಾಡಿದ್ರು.

ಈ ವಿಷಯದಲ್ಲಿ ಚಂದ್ರಾನೇ ಎಕ್ಸ್‌ಪರ್ಟು. ಅವರು ಎಕ್ಸ್‌ಪೋರ್ಟ್ ಕಂಪನೀಲಿ ಚೆಕಿಂಗ್. ಟೀ ಶರ್ಟ್ ತಿರುಗಿಸಿ ನೋಡಿ, ತಪ್ಪಿರೋ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸೋದು ಅವರ ಕೆಲಸ. ದಿನಕ್ಕೆ ಸಾವಿರ ಪೀಸು.

"ಒಂದೂ ಬಾಣ ಇಲ್ದೆ ಇಡೀ ಬಂಡಲ್ ಬಂದ್ರೆ ನಮ್ಮ ಸೂಪರ್ವೈಸರ್ ಅದನ್ನ ವಾಪಸ್ ಕಳಿಸ್ತಾರೆ," ಅಂದ್ರು ಚಂದ್ರಾ. "ನೋಡೇ ಇಲ್ಲ ಅಂತ ಅರ್ಥ."

"ಅದೇ! ಅದೇ ನಾನು ಹೇಳ್ತಿರೋದು! ಇವರು ನುಡಿಸೇ ಇಲ್ಲ!"

"ಕೊಡಿ ಇಲ್ಲಿ, ನೋಡೋಣ."

ಚಂದ್ರಾ ಪೆಡಲ್ಲನ್ನ ಕಿಟಕಿ ಹತ್ರ ತಗೊಂಡೋಗಿ ಬಿಸಿಲಿಗೆ ಹಿಡಿದು ಬೋರಲು ಮಾಡಿದ್ರು. ಅಡಿ ಪ್ಲೇಟಲ್ಲಿ ನಾಲ್ಕು ಸ್ಕ್ರೂ. ಒಂದರ ತಲೆ ಮೇಲೆ ಕೆಂಪು ನೈಲ್ ಪಾಲಿಶ್ ಚುಕ್ಕೆ. ಅದು ಮೆಕ್ಯಾನಿಕ್‌ಗಳ ಸೀಲು. ಮಿಷನ್ ಸೆಟ್ಟಿಂಗ್ ಮಾಡಿ ಒಂದು ಚುಕ್ಕೆ ಇಟ್ರೆ, ಯಾರಾದ್ರೂ ಕೈ ಹಾಕಿದ್ರೆ ಒಡೆದು ಗೊತ್ತಾಗತ್ತೆ. ಚುಕ್ಕೆ ಒಡೆದಿರ್ಲಿಲ್ಲ. ದೇವರಾಜನ್ ಅದನ್ನ ಮೂರು ಸಲ ನೋಡಿ ಸಮಾಧಾನ ಮಾಡ್ಕೊಂಡಿದ್ರು.

"ಏನುಂಗ," ಅಂತ ಗಂಡನ್ನ ಮೆಲ್ಲಗೆ ಕರೆದ್ರು ಚಂದ್ರಾ. "ಇದು ನನ್ನ ನೈಲ್ ಪಾಲಿಶ್ ಅಲ್ಲ."

"ನಿಂದೇ. ನಾನೇ ಹಚ್ಚಿದ್ದು."

"ನನ್ನ ಕಣ್ಣಿಗೇ ಹೇಳ್ತೀರಾ? ಶೇಡ್ ವೇರಿಯೇಷನ್ ಐತೆ. ನಂದು ಮೆರೂನು. ಇದು ಮಿಣಮಿಣ ಅಂತೈತೆ ನೋಡಿ, ಗ್ಲಿಟರು." ಉಗುರಲ್ಲಿ ಮೆಲ್ಲಗೆ ಕೆರೆದ್ರು. "ಇದರ ಕೆಳಗೆ ಇನ್ನೊಂದು. ಇದು ಗೇಟಿಗೆ ಹೊಡೆಯೋ ಪೇಂಟು. ಅದರ ಕೆಳಗೆ ಒಂದು ಕಿತ್ತಳೆ ಕೆಂಪು. ನಂದು ಎಲ್ಲೋ ತಳದಲ್ಲಿ ಪುಡಿ ಆಗೈತೆ."

ದೇವರಾಜನ್ ಕುರ್ಚಿ ಮೇಲೆ ಕೂತ್ಕೊಂಡ್ರು. ಮೂರು ಲೇಯರು, ಮೂರು ಜನ. ಮೂರೂ ಜನ ಬಿಚ್ಚಿದಾರೆ, ಬಿಚ್ಚಿ ಮತ್ತೆ ಸೀಲ್ ಮಾಡಿದಾರೆ!

"ಕಾಯಿಲು," ಅಂದ್ರು. "ಕಾಯಿಲ್ ಸುತ್ತು ಎಣಿಸ್ಕೊಂಡಿದಾರೆ. ಕಾಪಿ ಹೊಡೀತಾರೆ ಚಂದ್ರಾ. ಅದಕ್ಕೇ ಸೂಪರ್ರು."

ಎಲ್ಲ ಕೂಡಿ ಬಂತು ಅವರ ತಲೇಲಿ. ಸರವಣಕುಮಾರ್ ಯಾಕೆ ಎರಡು ದಿನ ಎಕ್ಸ್‌ಟ್ರಾ ಇಟ್ಕೊಂಡಿದ್ದ? ಸೋಮಸುಂದರಂ ಯಾಕೆ ಫೋನಲ್ಲಿ ಕೆಮ್ಮಿದ? ಆ ಹುಡುಗಿ ಯಾಕೆ ಹಾರ್ಟ್ ಬಿಡಿಸಿದ್ಲು? ಯಾರಾದ್ರೂ ಸುಮ್ಮನೆ ಹಾರ್ಟ್ ಬಿಡಿಸ್ತಾರಾ?

ಮೂವರಿಗೂ ಫೋನ್ ಹಾಕಿದ್ರು. "ನಾಳೆ ಬೆಳಗ್ಗೆ ಮನೆಗೆ ಬನ್ನಿ. ಟಿಫನ್ ಇಲ್ಲೇ." ಸ್ವರದಲ್ಲಿ ಜೇನು, ಕಣ್ಣಲ್ಲಿ ಪೊಲೀಸು.

ಭಾನುವಾರ ಮೂವರೂ ಬಂದ್ರು. ದೇವರಾಜನ್ ಇಡ್ಲಿ ತಿನ್ನೋವರೆಗೂ ಏನೂ ಕೇಳ್ಲಿಲ್ಲ. ಯಾರು ಕಮ್ಮಿ ತಿಂತಾರೆ ಅಂತ ನೋಡ್ತಿದ್ರು. ಸೋಮಸುಂದರಂ ಒಂಬತ್ತು ತಿಂದ್ರು. ತಪ್ಪು ಮಾಡಿದವನ ಹೊಟ್ಟೆ ಹಿಂಗಿರಲ್ಲ ಅನ್ಸಿ ಒಂದು ಕ್ಷಣ ಮನಸ್ಸು ಮೆತ್ತಗಾಯ್ತು. ಆಮೇಲೆ, ಇಲ್ಲ, ಇವನು ಯಾವಾಗ್ಲೂ ಹಿಂಗೇ, ಅಂತ ನೆನಪಾಯ್ತು.

ತಟ್ಟೆ ಎತ್ತಿದ ಮೇಲೆ ಪೆಡಲ್ಲನ್ನ ಬೋರಲು ಮಾಡಿ ನಡುವೆ ಇಟ್ರು.

"ಎಷ್ಟು ಸುತ್ತು?"

"ಏನ್ ಸುತ್ತು ಅಣ್ಣಾ?" ಅಂದ ಸರವಣಕುಮಾರ್.

"ಎಣಿಸಿದ್ಯಲ್ಲಪ್ಪಾ, ನೀನೇ ಹೇಳು. ಕಿತ್ತಳೆ ಕೆಂಪು ನಿಂದು ತಾನೆ?"

ಸರವಣಕುಮಾರ್ ಮುಖಾನೂ ಕಿತ್ತಳೆ ಆಯ್ತು. "ಅದು... ಹೆಂಡ್ತೀದು."

"ಪೇಂಟು ಯಾರದ್ದು? ಸೋಮು, ನಿನ್ನ ಮನೆ ಗೇಟು ಮೊನ್ನೆ ಹೊಳೀತಿತ್ತಂತೆ."

ಸೋಮಸುಂದರಂ ಸೀಲಿಂಗ್ ನೋಡಿದ್ರು. ಇಂದುಜಾ ಮಾತ್ರ ತನ್ನ ಹತ್ತೂ ಬೆರಳು ಮುಂದೆ ಚಾಚಿದ್ಲು. ಹತ್ತರಲ್ಲೂ ಗ್ಲಿಟರು.

"ನಾನೂ ಬಿಚ್ಚಿದೆ ಮಾಮಾ. ಸಾರಿ. ಆದ್ರೆ ಕಾಯಿಲ್ ಯಾರಿಗ್ ಬೇಕು?"

"ಮತ್ತೆ ಯಾಕೆ ಬಿಚ್ಚಿದೆ?"

ಒಬ್ಬರನ್ನೊಬ್ಬರು ನೋಡ್ಕೊಂಡ್ರು, ನಿಜವಾಗ್ಲೂ ಆಶ್ಚರ್ಯದಿಂದ. ಮೂವರಿಗೂ ಇನ್ನಿಬ್ಬರು ಬಿಚ್ಚಿದ್ದು ಗೊತ್ತೇ ಇರ್ಲಿಲ್ಲ!

"ಸ್ಪ್ರಿಂಗ್ ತೆಗೆಯಕ್ಕೆ," ಅಂದ್ಲು ಇಂದುಜಾ.

"ನೀನೂನಾ?" ಅಂದ ಸರವಣಕುಮಾರ್.

"ನೀವೂನಾ?" ಅಂದ್ರು ಸೋಮಸುಂದರಂ.

"ಸ್ಪ್ರಿಂಗ್ ಯಾಕೆ?" ದೇವರಾಜನ್ ಸ್ವರ ಸಣ್ಣಗಾಯ್ತು.

"ಮಾಮಾ, ವಾ ಪೆಡಲ್ಲು ಬಿಟ್ಟ ಕಡೆ ನಿಲ್ಬೇಕು. ನಡುವೆ ನಿಲ್ಲಿಸಿ ನುಡಿಸೋದೇ ಅದರ ಮಜಾ. ಇದು ಕಾಲನ್ನ ಮೇಲೆ ಎಸೀತಿರತ್ತೆ. ಅರ್ಧ ಗಂಟೇಲಿ ನನ್ನ ಮೀನಖಂಡ ಹಿಡ್ಕೊಂತು. ಸ್ಪ್ರಿಂಗ್ ತೆಗೆದು ಒಂದು ವಾರ ನುಡಿಸಿದೆ, ನಿಜವಾಗ್ಲೂ ಸೂಪರು. ವಾಪಸ್ ಕೊಡೋ ಮುಂಚೆ ಮತ್ತೆ ಹಾಕ್ದೆ."

"ಹೇಳಕ್ಕೇನಾಗಿತ್ತು ನಿಮಗೆಲ್ಲ?"

ಈಗ ಸೋಮಸುಂದರಂ ಸೀಲಿಂಗ್ ಬಿಟ್ಟು ದೋಸ್ತನ್ನ ನೋಡಿದ್ರು. "ಪೆಡಲ್ ಕೊಡೋವಾಗ ನೀನು ಅರ್ಧ ಗಂಟೆ ಸ್ಪ್ರಿಂಗ್ ಬಗ್ಗೆನೇ ಹೇಳ್ದೆ ದೇವು. ಮಗಳನ್ನ ಮದುವೆ ಮಾಡಿ ಕಳಿಸೋ ಥರ. ಹೋದ ಸಲ ನೀನು ರಿಪೇರಿ ಮಾಡಿದ ಆಂಪ್ಲಿಫೈಯರ್ ಸ್ವಲ್ಪ ಗುಂಯ್ ಅಂತೈತೆ ಅಂತ ಈ ಸರವಣ ಹೇಳಿದ್ದಕ್ಕೆ ಎಷ್ಟು ದಿನ ಮಾತು ಬಿಟ್ಟಿದ್ದೆ?"

"ಹದಿನಾಲ್ಕು ತಿಂಗ್ಳು ಅಣ್ಣಾ," ಅಂದ ಸರವಣಕುಮಾರ್. "ನನ್ನ ಮಗನ ಕಿವಿ ಚುಚ್ಚೋ ಫಂಕ್ಷನ್ನಿಗೂ ಬರ್ಲಿಲ್ಲ ನೀವು."

ದೇವರಾಜನ್ ಹೆಂಡತಿ ಕಡೆ ತಿರುಗಿದ್ರು. ಚಂದ್ರಾ ಸೆರಗಲ್ಲಿ ಕೈ ಒರೆಸ್ತಾ ನಿಂತಿದ್ರು.

"ನನ್ನ ಯಾಕೆ ನೋಡ್ತೀರಾ? ಸಾಂಬಾರಿಗೆ ಉಪ್ಪು ಜಾಸ್ತಿ ಅಂತ ನೀವು ದಿನಾ ಹೇಳ್ಬಹುದು. ನಿಮ್ಮ ಪೆಡಲ್ಲಿಗೆ ಸ್ಪ್ರಿಂಗ್ ಜಾಸ್ತಿ ಅಂತ ಯಾರಾದ್ರೂ ಹೇಳಿ ಉಳ್ಕೊಳ್ಳೋದುಂಟಾ?"

ಆಗಲೂ ನಂಬ್ಲಿಲ್ಲ ಅವರು. ಮೂವರೂ ಬಾಯಿಪಾಠ ಮಾಡ್ಕೊಂಡು ಬಂದಿದ್ರೆ? ಎದ್ದು ಸ್ಕ್ರೂಡ್ರೈವರ್ ತಂದ್ರು. ನಾಲ್ಕು ಸ್ಕ್ರೂ ಬಿಚ್ಚಿ, ಮೂಗು ತಾಗೋಷ್ಟು ಹತ್ರ ಬಗ್ಗಿ ಕಾಯಿಲ್ ನೋಡಿದ್ರು. ಅದರ ಸುತ್ತ ತಾನು ಕಟ್ಟಿದ ಬಿಳಿ ದಾರ, ತನ್ನದೇ ಗಂಟು, ಹಾಗೇ ಇತ್ತು. ಯಾರೂ ಮುಟ್ಟಿಲ್ಲ. ಆದ್ರೆ ಸ್ಪ್ರಿಂಗಿನ ಕೊಕ್ಕೆಗೆ ತಾನು ಹಾಕಿದ್ದ ಮಿಷನ್ ಎಣ್ಣೆ ಪೂರ್ತಿ ಒರೆಸಿ ಹೋಗಿತ್ತು, ಕೊಕ್ಕೆ ಸಿಕ್ಕಿಸೋ ಜಾಗದಲ್ಲಿ ಮೂರು ಥರದ ಗೀರು. ಸಾಕ್ಷಿ ಅವರ ಕಣ್ಣೆದುರೇ ಇತ್ತು.

ಸ್ಪ್ರಿಂಗ್ ಎಳೆದು ಶರ್ಟ್ ಜೇಬಿಗೆ ಹಾಕ್ಕೊಂಡ್ರು. ಗಿಟಾರ್ ತಗೊಂಡು ತಾವೇ ಕಾಲಿಟ್ರು. ಒತ್ತಿದ್ರು, 'ವಾ'. ಕಾಲೆತ್ತಿದ್ರು. ಪೆಡಲ್ಲು ಮೇಲೆ ಬರ್ಲಿಲ್ಲ. ಅವರ ಕಾಲು ಗಾಳೀಲಿ ಕಾಯ್ತಾ ನಿಂತಿತ್ತು. ಮತ್ತೆ ಒತ್ತಿದ್ರು, ಮತ್ತೆ ಎತ್ತಿದ್ರು, ಗಿಟಾರ್ ಬಾಯಿ ತೆರ್ಕೊಂಡೇ ಇತ್ತು, ಹಲ್ಲು ಡಾಕ್ಟರ್ ಮುಂದೆ ಕೂತವರ ಥರ.

"ನನ್ನ ಕಾಲಿಗೆ ಇದು ಬರಲ್ಲ," ಅಂದ್ರು.

"ನಿಮ್ಮದು ಟೈಲರ್ ಕಾಲು ಮಾಮಾ," ಅಂತ ಇಂದುಜಾ ಗಿಟಾರ್ ಇಸ್ಕೊಂಡ್ಲು.

ಆಮೇಲೆ ಅವಳು ನುಡಿಸಿದ್ಲು ನೋಡಿ! ಪೆಡಲ್ಲನ್ನ ಅರ್ಧಕ್ಕೆ ನಿಲ್ಲಿಸಿ ಒಂದೇ ಸ್ವರ ಹಿಡಿದ್ಲು, ಅದು ಯಾರೋ ಪಕ್ಕದ ರೂಮಿಂದ ಹೆಸರು ಹಿಡಿದು ಕರೆದ ಹಾಗಿತ್ತು. ಆಮೇಲೆ ಕೂದಲೆಳೆಯಷ್ಟು ಮುಂದೆ ಒತ್ತಿದ್ಲು, ಅದೇ ಸ್ವರ ಬಾಗಿಲು ತೆಗೆದು ಈಚೆ ಬಂತು. ಸರವಣಕುಮಾರ್ ತೊಡೆ ತಟ್ಟಿದ. ಚಂದ್ರಾ ಅಡುಗೆಮನೆ ಮರೆತ್ರು. ದೇವರಾಜನ್ ಜೇಬಿನ ಮೇಲೆ ಕೈಯಿಟ್ಕೊಂಡು ಕೇಳಿದ್ರು. ತಾನು ಮಾಡಿದ ಡಬ್ಬದೊಳಗೆ ಈ ಸದ್ದಿತ್ತು, ಮೂರು ಮನೆಯವರು ಕೇಳಿದ್ರು, ತಾನೊಬ್ಬನೇ ಕೇಳಿರ್ಲಿಲ್ಲ.

ಮುಗಿದ ಮೇಲೆ ದೇವರಾಜನ್ ಹಳೇ ಮೂರು ಕಾರ್ಡನ್ನ ತಂದು ಹರಿದ್ರು.

"ಚಂದ್ರಾ, ನಿನ್ನ ಬಾಣದ ಸ್ಟಿಕ್ಕರ್ ತಾ." ಪೆಡಲ್ಲನ್ನ ಮೂವರ ಮುಂದೆ ತಳ್ಳಿದ್ರು. "ಅಂಟಿಸಿ. ಇನ್ನೂ ಎಲ್ಲೆಲ್ಲಿ ತಪ್ಪೈತೋ ಅಲ್ಲೆಲ್ಲ ಅಂಟಿಸಿ. ನಾನು ಮಾತು ಬಿಡಲ್ಲ."

"ಕರ್ಪೂರ ಹಚ್ಚಿ ಆಣೆ ಮಾಡಿ," ಅಂದ್ರು ಸೋಮಸುಂದರಂ.

"ಅಂಟಿಸೋ ಸೋಮು!"

ಸೋಮಸುಂದರಂ ಒಂದು ಬಾಣ ಅಂಟಿಸಿದ್ರು: ತೂಕ, ಅರೆಯೋ ಕಲ್ಲು ಹೊತ್ತ ಹಾಗೈತೆ. ಸರವಣಕುಮಾರ್ ಇನ್ನೊಂದು: ವೈರ್ ಚುಚ್ಚೋ ಜಾಗ ಕಾಲಿಗೆ ಸಿಕ್ಕತ್ತೆ, ಆ ಕಡೆಗಿರ್ಬೇಕು. ಇಂದುಜಾ ನೇರ ಮೇಲೆ ಅಂಟಿಸಿದ್ಲು: "ಈ ಹಸಿರು ಬಣ್ಣ ಯಾವ ಆಸ್ಪತ್ರೇದು ಮಾಮಾ?"

ದೇವರಾಜನ್ ಮುಖ ಕೆಂಪಾಗ್ತಾ ಆಗ್ತಾ ಹೆಂಗೋ ನಗುವಾಯ್ತು. ಒಂದು ವರ್ಷದಲ್ಲಿ ಮೊದಲನೇ ಸಲ ಯಾರೋ ಅವರ ಪೆಡಲ್ಲನ್ನ ನಿಜವಾಗ್ಲೂ ನೋಡಿದ್ರು. ಮೂವರೂ ಹೊಸ ಕಾರ್ಡ್ ಬರೆದ್ರು. ತಪ್ಪು ಮೊದಲು, ಆಮೇಲೆ ಸದ್ದಿನ ಬಗ್ಗೆ ಎರಡು ಸಾಲು. ಇಂದುಜಾ ಮತ್ತೆ ಹಾರ್ಟ್ ಬಿಡಿಸಿದ್ಲು. ಈ ಸಲ ಯಾಕೆ ಅಂತ ಅವರು ಕೇಳ್ಲಿಲ್ಲ.

ಸೋಮವಾರ ಆರ್.ಎಸ್. ಪುರಂನಲ್ಲಿ ತಿರುಮಲೈಸಾಮಿ ಕಾರ್ಡ್ ಓದಿ ಕನ್ನಡಕ ತೆಗೆದ್ರು. "ಏನ್ರೀ ಇದು, ಭಾರ ಅಂತ ಬರೆದಿದಾರೆ, ಬಣ್ಣ ಚೆನ್ನಾಗಿಲ್ಲ ಅಂತ ಬರೆದಿದಾರೆ! ಪೆಡಲ್ ಮೇಲೆ ಬಾಣ ಬೇರೆ! ಇದನ್ನ ಇಡ್ಲಾ?"

"ಚೆಕ್ ಆಗಿರೋ ಪೀಸುಂಗ," ಅಂದ್ರು ದೇವರಾಜನ್. "ಹಾಗೇ ಇಡಿ."

ತಿರುಮಲೈಸಾಮಿ ಇನ್ನೊಂದ್ಸಲ ಓದಿ, ಏನನ್ನಿಸ್ತೋ, ಕೀಬೋರ್ಡನ್ನ ಪಕ್ಕಕ್ಕೆ ಸರಿಸಿದ್ರು.

ಅಡಿ ಪ್ಲೇಟಿನ ನಾಲ್ಕು ಸ್ಕ್ರೂ ಮೇಲೂ ಸೀಲ್ ಇರ್ಲಿಲ್ಲ, ಯಾರು ಬೇಕಾದ್ರೂ ಬಿಚ್ಚಿಕೊಳ್ಳಲಿ ಅಂತ ದೇವರಾಜನ್ ಬಿಟ್ಟಿದ್ರು. ಬಿಚ್ಚಿದವರಿಗೆ ಒಳಗೆ ಕಾಯಿಲ್ ಮೇಲೆ ಒಂದು ಹೊಸ ತಗಡಿನ ಮುಚ್ಚಳ ಕಾಣತ್ತೆ. ಅದರ ಸ್ಕ್ರೂ ಮೇಲೆ ಮಾತ್ರ ದಪ್ಪಗೆ ಒಂದು ಚುಕ್ಕೆ ಇದೆ, ಇಂದುಜಾ ಹತ್ರ ಕೇಳಿ ಇಸ್ಕೊಂಡ ಗ್ಲಿಟರ್ ನೈಲ್ ಪಾಲಿಶ್ಶು. ಅದೇ ಶೇಡ್ ಊರಲ್ಲಿ ಇನ್ಯಾರ ಹತ್ರಾನೂ ಇಲ್ಲ ಅಂತ ಚಂದ್ರಾ ಕೈಲಿ ಮೂರು ಫ್ಯಾನ್ಸಿ ಸ್ಟೋರಲ್ಲಿ ಚೆಕ್ ಮಾಡ್ಸಿದಾರೆ.